ಪದ ಪರಿಚಯ: ಸಲ್ಫೊರಫೇನ್

ಇಡೀ ಎಲೆಕೋಸನ್ನು ಮೂಗಿನ ಹತ್ತಿರ ಹಿಡಿದರೆ ಅಂಥ ವಾಸನೆ ಏನೂ ಬರುವುದಿಲ್ಲ. ಅದನ್ನೇ ಸಣ್ಣಗೆ ಹೆಚ್ಚಿ ನೋಡಿ, ಘಾಟು ಏಳುತ್ತದೆ. ತುರಿದ ಮೂಲಂಗಿ, ಅರೆದ ಸಾಸಿವೆಯ ಘಾಟೂ ಇದೇ ಜಾತಿಯದು. ಸಲ್ಫೊರಫೇನ್ ಕೂಡ ಆ ಗುಂಪಿನ ವಸ್ತು. ಬ್ರೊಕೊಲಿಯಿಂದ ಜಾಸ್ತಿ ಸಿಗುತ್ತದೆ. ಎಲೆಕೋಸು, ಹೂಕೋಸು, ನವಿಲುಕೋಸಿನಿಂದ ಕಡಿಮೆ.

ಗಿಡದಲ್ಲಿ ಇದು ತಯಾರಾಗಿ ಕೂತಿರುವುದಿಲ್ಲ. ಅಲ್ಲಿರುವುದು ಗ್ಲುಕೊರಫಾನಿನ್ ಎಂಬ, ಗಂಧಕ ಇರುವ ವಸ್ತು. ಮೈರೋಸಿನೇಸ್ ಎಂಬ ಕಿಣ್ವ ಅದರಿಂದ ಬೇರೆಯಾಗಿ, ಬೇರೆ ಕೋಶಗಳಲ್ಲಿ ಇರುತ್ತದೆ. ಚಾಕುವೋ ಹಲ್ಲೋ ತಗುಲಿ ಕೋಶ ಒಡೆದಾಗ ಎರಡೂ ಸೇರುತ್ತವೆ. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುತ್ತದಲ್ಲ, ಹಾಗೆ ಮೊದಲು ಇಲ್ಲದ್ದು ಹುಟ್ಟುತ್ತದೆ. ಇದು ನಮಗಾಗಿ ಮಾಡಿದ್ದಲ್ಲ ಬಿಡಿ. ಎಲೆ ಮೇಯಲು ಬರುವ ಹುಳುಗಳಿಗೆ ಗಿಡ ಇಟ್ಟುಕೊಂಡ ಮದ್ದು.

1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ಟಲಾಲೆ ತಂಡ ಬ್ರೊಕೊಲಿಯಿಂದ ಇದನ್ನು ಬೇರ್ಪಡಿಸಿತು. ನಮ್ಮ ಕೋಶಗಳಲ್ಲಿ ಎನ್‌ಆರ್‌ಎಫ್2 ಎಂಬ ಪ್ರೋಟೀನ್ ಇದೆ. ಕೀಪ್1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದಿಟ್ಟಿರುತ್ತದೆ. ಸಲ್ಫೊರಫೇನ್ ಬಂದು ಕೀಪ್1ಗೆ ಅಂಟಿದರೆ ಆ ಹಿಡಿತ ಸಡಿಲ. ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ಹೋಗಿ, ಗ್ಲುಟಥಯೋನ್‌ನಂಥ ರಕ್ಷಕ ವಸ್ತುಗಳನ್ನು ತಯಾರಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ. ವಯಸ್ಸಾದಂತೆ ಈ ಕೆಲಸ ಮಂದವಾಗುತ್ತದೆ. 2008ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮುದಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಸಲ್ಫೊರಫೇನ್‌ನಿಂದ ಅವುಗಳ ಕುಗ್ಗಿದ ರೋಗನಿರೋಧಕ ಶಕ್ತಿ ಒಂದಿಷ್ಟು ಚೇತರಿಸಿತು. ಆದರೆ ಇಲಿಯ ಲೆಕ್ಕವನ್ನು ಹಾಗೇ ಮನುಷ್ಯರಿಗೆ ಹಚ್ಚಲಾಗದು. 'ಕೋಸು ತಿಂದರೆ ಕಾಯಿಲೆ ಬರಲ್ಲ' ಎಂಬ ವಾಟ್ಸಾಪ್ ಮಾತನ್ನು ಅಲ್ಲೇ ಬಿಟ್ಟುಬಿಡಿ.

ಅಡುಗೆಮನೆಯ ಕಥೆ ಇನ್ನೂ ಸ್ವಾರಸ್ಯ. ಬಿಸಿ ತಾಗಿದರೆ ಮೈರೋಸಿನೇಸ್ ಕೆಡುತ್ತದೆ. ಕೋಸನ್ನು ಹೆಚ್ಚಿದ ಕೂಡಲೇ ಕುದಿಯುವ ನೀರಿಗೆ ಹಾಕಿದರೆ ಅದಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಹೆಚ್ಚಿ ಅರ್ಧ ಗಂಟೆ ಸುಮ್ನೆ ಬಿಟ್ಟು, ಆಮೇಲೆ ಪಲ್ಯಕ್ಕೆ ಹಾಕಿ. ಪೂರ್ತಿ ಬೇಯಿಸಿಬಿಟ್ಟಿದ್ದರೂ ದಾರಿ ಇದೆ. ಬೇಯಿಸಿದ 200 ಗ್ರಾಂ ಬ್ರೊಕೊಲಿಗೆ 1 ಗ್ರಾಂ ಸಾಸಿವೆ ಪುಡಿ ಸೇರಿಸಿ ತಿಂದವರಿಗೆ ಸಲ್ಫೊರಫೇನ್ ಸುಮಾರು ನಾಲ್ಕು ಪಟ್ಟು ದಕ್ಕಿತು ಎಂದು 2018ರ ಒಂದು ಅಧ್ಯಯನ ಹೇಳುತ್ತದೆ. ಹಸಿ ಸಾಸಿವೆಯಲ್ಲೂ ಅದೇ ಕಿಣ್ವ ಇದೆ, ಅದಕ್ಕೇ. ಒಗ್ಗರಣೆಯಲ್ಲಿ ಚಟಪಟ ಸಿಡಿದ ಸಾಸಿವೆಯಿಂದ ಈ ಕೆಲಸ ಆಗದು, ಕಾದ ಎಣ್ಣೆಯಲ್ಲಿ ಅದರ ಕಿಣ್ವ ಸತ್ತಿರುತ್ತದೆ. ಹಸಿ ಸಾಸಿವೆಯನ್ನು ಕಾಯಿ ಜೊತೆ ಅರೆದು ಮೊಸರಿಗೆ ಬೆರೆಸುತ್ತೇವಲ್ವಾ, ಅಂಥದ್ದು ಬೇಕು.

ಮೂರು ದಿನದ ಬ್ರೊಕೊಲಿ ಮೊಳಕೆಯಲ್ಲಿ, ಬಲಿತ ಬ್ರೊಕೊಲಿಗಿಂತ 10ರಿಂದ 100 ಪಟ್ಟು ಗ್ಲುಕೊರಫಾನಿನ್ ಇರುತ್ತದೆ. ಕೇಳಲು ಚೆನ್ನ. ಆದರೆ ಕಿಮೋಥೆರಪಿಯಲ್ಲಿ ಇರುವವರು, ಕಿಡ್ನಿ ಕಸಿ ಆದವರು ಹಸಿ ಮೊಳಕೆಯಿಂದ ದೂರ ಇರಬೇಕು. ಮೊಳಕೆ ಬರಲು ಬೇಕಾದ ಬೆಚ್ಚನೆಯ ತೇವ ಬ್ಯಾಕ್ಟೀರಿಯಾಕ್ಕೂ ಹಬ್ಬ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ. ಕೋಲೈ ಹರಡಿ 50ಕ್ಕೂ ಜಾಸ್ತಿ ಜನ ಸತ್ತರು. ರೋಗನಿರೋಧಕ ಶಕ್ತಿ ಕುಗ್ಗಿದ ಕಿಮೋಥೆರಪಿಯವರಿಗೆ, ಕಸಿ ಆದವರಿಗೆ ಬೇಯಿಸಿದ ಕೋಸೇ ಸರಿ. ಕಸಿ ಆದವರಂತೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲೆಂದೇ ಮಾತ್ರೆ ನುಂಗುತ್ತಾರೆ. 'ಇಮ್ಯುನಿಟಿ ಹೆಚ್ಚಿಸುತ್ತದೆ' ಎಂದು ಮಾರುವ ಸಲ್ಫೊರಫೇನ್ ಕ್ಯಾಪ್ಸೂಲನ್ನು ಅವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.