ಹಳೆಯ ವರ್ಕ್‌ಸ್ಟೇಷನ್‌ಗೆ ಬೇರೆ ಕಂಪನಿಯ ಹಾರ್ಡ್ ಡಿಸ್ಕ್ ಹಾಕಬಹುದಾ?

ಓದುಗರ ಪ್ರಶ್ನೆ: ವಿರಾಜಪೇಟೆಯಲ್ಲಿ ನಂದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ಡೆಲ್ ಪ್ರಿಸಿಷನ್ ಟಿ3500 ವರ್ಕ್‌ಸ್ಟೇಷನ್ (ಭಾರಿ ಕೆಲಸಕ್ಕೆ ಮಾಡಿದ ಕಂಪ್ಯೂಟರ್) ತಂದು ಮೂರು ವರ್ಷ ಆಯ್ತು. ಒಳಗಿರುವ 500 ಜಿಬಿ ಡಿಸ್ಕ್ ಮದುವೆ ಫೋಟೋಗಳಿಂದ ತುಂಬಿಹೋಗಿದೆ. 4 ಟಿಬಿ ಹಾಕೋಣ ಅಂತಿದ್ದೇನೆ. ಡೆಲ್ ಹೆಸರಿನ ಡಿಸ್ಕೇ ಬೇಕು, ಬೇರೆಯದನ್ನು ಆ ಯಂತ್ರ ತಗೊಳ್ಳಲ್ಲ ಅಂತ ಒಬ್ಬರು ಹೇಳಿದರು. ನಿಜವಾ ಸಾರ್?

ನಿಜ ಅಲ್ಲ. ಧೈರ್ಯವಾಗಿ ಹಾಕಿ. ಡೆಲ್‌ನವರು ಹಾರ್ಡ್ ಡಿಸ್ಕ್ ತಯಾರು ಮಾಡುವುದೇ ಇಲ್ಲ. ಈಗ ಪ್ರಪಂಚದಲ್ಲಿ ತಿರುಗುವ ಡಿಸ್ಕ್ ಮಾಡುವ ಕಂಪನಿಗಳು ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಯಂತ್ರದ ಪಕ್ಕದ ಬಾಗಿಲು ತೆಗೆದು ನಿಮ್ಮ 500 ಜಿಬಿ ಡಿಸ್ಕಿನ ಚೀಟಿ ಓದಿ ನೋಡಿ. ಈ ಮೂರರಲ್ಲಿ ಒಂದು ಹೆಸರೋ, ಆಗಿನ್ನೂ ಡಿಸ್ಕ್ ಮಾಡುತ್ತಿದ್ದ ಹಿಟಾಚಿ ಅಥವಾ ಸ್ಯಾಮ್‌ಸಂಗ್ ಹೆಸರೋ ಇರುತ್ತದೆ.

ಆ ಮಾತು ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ. 2010ರಲ್ಲಿ ಡೆಲ್‌ನ ಕೆಲವು ಸರ್ವರ್‌ಗಳ ರೇಡ್ ಕಾರ್ಡ್‌ಗಳು (ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ಓಡಿಸುವ ಕಾರ್ಡ್‌ಗಳು) ಹೊರಗಿನ ಡಿಸ್ಕನ್ನು ನಿಜವಾಗಿಯೂ ಒಪ್ಪುತ್ತಿರಲಿಲ್ಲ. ಗ್ರಾಹಕರು ಗಲಾಟೆ ಮಾಡಿದ ಮೇಲೆ ಆ ತಡೆ ತೆಗೆಯುವುದಾಗಿ ಕಂಪನಿ ಅದೇ ವರ್ಷ ಹೇಳಿತು. ಅದು ಸರ್ವರ್‌ಗಳ ಕಥೆ. ನಿಮ್ಮ ಮದರ್‌ಬೋರ್ಡಿನಲ್ಲಿ ಡಿಸ್ಕಿನ ಕೇಬಲ್ ಸಿಕ್ಕಿಸುವ ಸಾಟಾ ಪೋರ್ಟಿಗೂ ಅದಕ್ಕೂ ಸಂಬಂಧ ಇಲ್ಲ.

ಟಿ3500 ಬಂದಿದ್ದು 2009ರಲ್ಲಿ. ಅದರ ಸಾಟಾ ಸೆಕೆಂಡಿಗೆ 3 ಗಿಗಾಬಿಟ್‌ನದು. ಹೊಸ ಡಿಸ್ಕಿನ ಮೇಲೆ 6 ಅಂತ ಇರುತ್ತದೆ. ಹಾಕಿದರೆ ಎರಡೂ 3ರಲ್ಲೇ ಓಡುತ್ತವೆ, ಅಷ್ಟೇ. ತಿರುಗುವ ಡಿಸ್ಕಿಗೆ ಅಷ್ಟು ಧಾರಾಳ ಸಾಕು. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ನ ಡಿಸ್ಕ್) ಆದರೆ ಅರ್ಧದಷ್ಟು ವೇಗ ಸಿಗುತ್ತದೆ. ಆದರೂ ವಿಂಡೋಸನ್ನು ಒಂದು ಚಿಕ್ಕ ಎಸ್‌ಎಸ್‌ಡಿಗೆ ಹಾಕಿಸಿದರೆ ಆ ಹಳೆಯ ಯಂತ್ರವೇನಾ ಇದು ಅನ್ನಿಸುತ್ತದೆ. ಕಡಿಮೆ ಬೆಲೆಗೆ ಸಿಗುವ, ಸರ್ವರ್‌ಗಳಿಗೆಂದು ಮಾಡಿದ ಸ್ಯಾಸ್ ಡಿಸ್ಕ್ ಮಾತ್ರ ತರಬೇಡಿ. ನೋಡಲು ಸಾಟಾ ಥರವೇ ಇರುತ್ತದೆ. ಸಾಟಾದಲ್ಲಿ ಡೇಟಾ ಕೇಬಲ್ ಜಾಗಕ್ಕೂ ಪವರ್ ಕೇಬಲ್ ಜಾಗಕ್ಕೂ ನಡುವೆ ಸಂದು ಇರುತ್ತದೆ. ಸ್ಯಾಸ್‌ನಲ್ಲಿ ಆ ಸಂದು ಮುಚ್ಚಿರುತ್ತದೆ. ಅದು ಸಾಟಾ ಪೋರ್ಟಿನಲ್ಲಿ ಕೆಲಸ ಮಾಡಲ್ಲ.

ಈಗ ನಿಜವಾಗಿ ಕಾಡುವ ವಿಷಯಕ್ಕೆ ಬರುತ್ತೇನೆ. ಮಡಿಕೇರಿಯ ಒಂದು ಪ್ರೆಸ್ಸಿನ ಹಳೆಯ ಯಂತ್ರಕ್ಕೆ ನಾನೇ ಹೊಸ ಡಿಸ್ಕ್ ಹಾಕಿದ್ದೆ. ಅದು ತಿರುಗಲೇ ಇಲ್ಲ. ಡೆಡ್ ಪೀಸ್ ಬಂದಿದೆ ಅಂತ ವಾಪಸ್ ಕಳಿಸಿ ಇನ್ನೊಂದು ತರಿಸಿದೆ. ಅದೂ ಹಾಗೆಯೇ. ಜುಲೈ ತಿಂಗಳ ಮಳೆ, ಕೊರಿಯರ್ ಬೇರೆ ತಡ. ಪ್ರೆಸ್ಸಿನವರು ಪಾಪ ಎರಡು ವಾರ ಕಾದರು. ಕೊನೆಗೆ ಅದೇ ಡಿಸ್ಕನ್ನು ಒಂದು ಹೊಸ ಕಂಪ್ಯೂಟರಿಗೆ ಸಿಕ್ಕಿಸಿದಾಗ ಆರಾಮಾಗಿ ತಿರುಗಿತು. ನನಗೆ ಗೊತ್ತಿಲ್ಲದ್ದರಿಂದ ಅವರ ಕೆಲಸ ನಿಂತಿತ್ತು. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ಸಾಟಾ ಪವರ್ ಕನೆಕ್ಟರಿನಲ್ಲಿ 15 ಪಿನ್ ಇರುತ್ತವೆ. ಮೊದಲ ಮೂರು ಪಿನ್ 3.3 ವೋಲ್ಟ್‌ಗೆ ಮೀಸಲಾಗಿದ್ದವು. ಹೆಚ್ಚಿನ ಡಿಸ್ಕ್‌ಗಳು ಅದನ್ನು ಬಳಸುತ್ತಲೇ ಇರಲಿಲ್ಲ. 2016ರ ಸಾಟಾ 3.3 ನಿಯಮದಲ್ಲಿ ಮೂರನೆಯ ಪಿನ್ನಿಗೆ ಬೇರೆ ಕೆಲಸ ಕೊಟ್ಟರು. ಅಲ್ಲಿ ಕರೆಂಟ್ ಬಂದರೆ ಡಿಸ್ಕ್ ಆಫ್ ಆಗಬೇಕು. ಡೇಟಾ ಸೆಂಟರಿನಲ್ಲಿ ದೂರದಿಂದಲೇ ಡಿಸ್ಕ್ ಆಫ್ ಮಾಡಲು ಮಾಡಿದ ಅನುಕೂಲ ಅದು. ಆದರೆ ಹಳೆಯ ಪವರ್ ಸಪ್ಲೈ ಆ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ. ಹೊಸ ಡಿಸ್ಕ್ ಅದನ್ನು ಆಫ್ ಆಗು ಅನ್ನುವ ಆಜ್ಞೆ ಅಂತ ತಿಳಿದು ಸುಮ್ನೆ ಕೂತುಬಿಡುತ್ತದೆ.

ಎಲ್ಲಾ ಡಿಸ್ಕಿನಲ್ಲೂ ಈ ತೊಂದರೆ ಇಲ್ಲ. ದೊಡ್ಡ ಕಂಪನಿಗಳಿಗಾಗಿ ಮಾಡಿದ ಡಿಸ್ಕ್‌ಗಳಲ್ಲಿ ಮತ್ತು ಎಕ್ಸ್‌ಟರ್ನಲ್ ಡಬ್ಬಿ ಒಡೆದು ತೆಗೆದವುಗಳಲ್ಲಿ ಜಾಸ್ತಿ. ನಿಮ್ಮ ಯಂತ್ರದ ಸಾಟಾ ಪವರ್ ಕೇಬಲಿಗೆ ಎಷ್ಟು ತಂತಿ ಬಂದಿವೆ ಅಂತ ಎಣಿಸಿ. ನಾಲ್ಕೇ ಇದ್ದರೆ 3.3 ವೋಲ್ಟ್ ಇಲ್ಲ, ಚಿಂತೆಯೂ ಇಲ್ಲ. ಐದನೆಯದಾಗಿ ಕಿತ್ತಳೆ ಬಣ್ಣದ್ದಿದ್ದರೆ 3.3 ವೋಲ್ಟ್ ಬರುತ್ತಿದೆ ಅಂತ ಅರ್ಥ. ಆಗ ಡಿಸ್ಕಿನ ಮೂರನೆಯ ಪಿನ್ನಿನ ಮೇಲೆ ಸಣ್ಣ ಚೂರು ಕ್ಯಾಪ್ಟಾನ್ ಟೇಪ್ ಅಂಟಿಸಿದರೆ ಸಾಕು. ಡೇಟಾ ಕೇಬಲ್ ಸಿಕ್ಕಿಸುವ ಕಡೆಯಿಂದ ಎಣಿಸಬೇಕು. ಮೊಬೈಲ್ ರಿಪೇರಿಯವರು ಬಳಸುವ ಹಳದಿ ಕಂದು ಬಣ್ಣದ ಟೇಪ್ ಅದು, ಕೇಳಿದರೆ ಒಂದು ತುಂಡು ಕೊಡುತ್ತಾರೆ. ಪವರ್ ಸಪ್ಲೈಯ ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರ್‌ನಿಂದ ಸಾಟಾಗೆ ಬದಲಿಸುವ ಕೇಬಲೂ ನಡೆಯುತ್ತದೆ. ಆದರೆ ತಂತಿಗಳನ್ನು ಪ್ಲಾಸ್ಟಿಕ್ ಅಚ್ಚಿನೊಳಗೇ ಎರಕ ಹೊಯ್ದ ಅಗ್ಗದ ಕೇಬಲ್ ಬೇಡ. ಅದು ಒಳಗೇ ಶಾರ್ಟ್ ಆಗಿ ಸುಟ್ಟುಹೋಗುವುದುಂಟು.

ಡಿಸ್ಕ್ ಕೂರಿಸಲು ನೀಲಿ ಪ್ಲಾಸ್ಟಿಕ್ ಟ್ರೇ ಬೇಕು. ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ಖಾಲಿ ಟ್ರೇ ಕಳೆದುಹೋಗಿರುವುದೇ ಹೆಚ್ಚು, ಮೊದಲೇ ನೋಡಿಕೊಳ್ಳಿ. ಡಿಸ್ಕನ್ನು ತಳದಲ್ಲಿ ಸುಮ್ನೆ ಇಟ್ಟು ಓಡಿಸಬೇಡಿ. ಆಮೇಲೆ ಯಂತ್ರ ಆನ್ ಮಾಡುವಾಗ ಎಫ್2 ಒತ್ತಿ ಬಯೋಸ್ (ವಿಂಡೋಸಿಗಿಂತ ಮೊದಲು ಓಡುವ ಯಂತ್ರದ ಸೆಟ್ಟಿಂಗ್) ಒಳಗೆ ಹೋಗಿ. ಡ್ರೈವ್ಸ್ ಅನ್ನುವ ಜಾಗದಲ್ಲಿ ನೀವು ಕೇಬಲ್ ಹಾಕಿದ ಪೋರ್ಟ್ ಆಫ್ ಆಗಿರಬಹುದು, ಆನ್ ಮಾಡಿ. ಸಾಟಾ ಯಾವ ರೀತಿ ಓಡಬೇಕು ಅಂತ ಅಲ್ಲೇ ಇರುವ ರೇಡ್, ಎಎಚ್‌ಸಿಐ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ. ಬದಲಿಸಿದರೆ ವಿಂಡೋಸ್ ಶುರುವಾಗದೆ ನೀಲಿ ಪರದೆ ಬರಬಹುದು.

ಇನ್ನು 4 ಟಿಬಿ ಮಾತು. ಡಿಸ್ಕಿನ ಜಾಗವನ್ನು ಭಾಗ ಮಾಡಿ ಗುರುತಿಡುವ ಹಳೆಯ ಎಂಬಿಆರ್ ಪದ್ಧತಿ ಸುಮಾರು 2.2 ಟಿಬಿಗಿಂತ ಮುಂದಕ್ಕೆ ಲೆಕ್ಕ ಇಡಲಾರದು. ಆದ್ದರಿಂದ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹೊಸ ಡಿಸ್ಕಿಗೆ ಜಿಪಿಟಿ ಅನ್ನುವ ಹೊಸ ಪದ್ಧತಿ ಆರಿಸಿ. ವಿಂಡೋಸ್ ಹಳೆಯ ಡಿಸ್ಕಿನಲ್ಲೇ ಇದ್ದು, ಹೊಸದು ಫೋಟೋ ಇಡಲು ಮಾತ್ರ ಆದರೆ ಬಯೋಸ್ ಹಳೆಯದಾದರೂ ತೊಂದರೆ ಇಲ್ಲ. ಕೊನೆಗೆ 3.63 ಟಿಬಿ ಅಂತ ತೋರಿಸುತ್ತದೆ. ಮೋಸ ಅಲ್ಲ, ಕಂಪನಿ ಸಾವಿರದಿಂದ ಎಣಿಸುತ್ತದೆ, ವಿಂಡೋಸ್ 1024ರಿಂದ. ಅದಕ್ಕಿಂತ ತೀರಾ ಕಡಿಮೆ ತೋರಿಸಿದರೆ ಇಂಟೆಲ್‌ನ ಹಳೆಯ ಸ್ಟೋರೇಜ್ ಡ್ರೈವರ್ ಕಾರಣ ಇರಬಹುದು. ಅದು 3 ಟಿಬಿ ಡಿಸ್ಕನ್ನು 746 ಜಿಬಿ ಅಂತ ತೋರಿಸುತ್ತಿತ್ತು. ಹೊಸ ಡ್ರೈವರ್ ಹಾಕಿ.

ನಮ್ಮ ಕೊಡಗಿನ ಮಳೆಗಾಲಕ್ಕೆ ಎರಡು ಮಾತು. ಕೊರಿಯರಿನಲ್ಲಿ ತಣ್ಣಗೆ ಬಂದ ಡಿಸ್ಕನ್ನು ಕವರ್ ಬಿಚ್ಚದೆ ಒಂದು ರಾತ್ರಿ ರೂಮಿನಲ್ಲಿಡಿ. ತಕ್ಷಣ ಬಿಚ್ಚಿದರೆ ಮೇಲೆ ನೀರ ಪಸೆ ಕೂರುತ್ತದೆ. ಮತ್ತೆ, ಫೋಟೋಗಳನ್ನು ಕಟ್ ಮಾಡಬೇಡಿ, ಕಾಪಿ ಮಾಡಿ. 500 ಜಿಬಿಗೆ ಕೆಲವು ತಾಸು ಹಿಡಿಯುತ್ತದೆ. ಅಷ್ಟರಲ್ಲಿ ಕರೆಂಟ್ ಹೋಗದೆ ಇರುವುದುಂಟಾ? ಸಣ್ಣ ಯುಪಿಎಸ್ ಅಷ್ಟು ಹೊತ್ತು ತಾಳಲ್ಲ, ಆದರೆ ಕಾಪಿ ನಿಲ್ಲಿಸಿ ಸರಿಯಾಗಿ ಶಟ್‌ಡೌನ್ ಮಾಡಲು ಸಮಯ ಕೊಡುತ್ತದೆ. ಗಂಗಾಪೂಜೆಯ ದಿನ ನೀರು ಹೊತ್ತು ಬರುವ ಮದುಮಗಳ ಫೋಟೋ ಹೋದರೆ ಅದನ್ನು ಮತ್ತೆ ತೆಗೆಯಲು ಆಗಲ್ಲ ಅಲ್ವಾ?

ಹಾಗಾಗಿ ಆ ಫೋಟೋಗಳ ಇನ್ನೊಂದು ಪ್ರತಿ ಯಂತ್ರದ ಹೊರಗೂ ಇರಲಿ. ಅದಕ್ಕೊಂದು ಎಕ್ಸ್‌ಟರ್ನಲ್ ಡಿಸ್ಕ್ ತಗೊಳ್ಳಿ. ಲೆನ್ಸ್‌ಗಳಿಗೆ ಬೂಷ್ಟು ಹಿಡಿಯಬಾರದು ಅಂತ ಸಿಲಿಕಾ ಜೆಲ್ ಹಾಕಿದ ಡಬ್ಬಿ ಇಟ್ಟಿರುತ್ತೀರಲ್ಲ, ಈ ಡಿಸ್ಕೂ ಅದರಲ್ಲೇ ಇರಲಿ. ಆಗಾಗ ಹೊರಗೆ ತೆಗೆದು ಸಿಕ್ಕಿಸಿ, ನಾಲ್ಕು ಫೋಟೋ ತೆರೆದು ನೋಡಿ.