ಹಲ್ಮಿಡಿ ಶಾಸನದ ಬಗ್ಗೆ ಬರೆದರೆ ಓದುಗರು ಯಾಕೆ ನಂಬಬೇಕು?

ಊರಿನ ಇತಿಹಾಸ, ಶಾಸನಗಳ ಬಗ್ಗೆ ಹೊಸದಾಗಿ ಬರೆಯಲು ಹೊರಟವರಿಗೆ ಈ ಟಿಪ್ಪಣಿ. ನಾನು ಹೇಳಬೇಕೆಂದಿರುವುದು ಇಷ್ಟೇ: ಒಂದು ವಿಷಯ ಬರೆದರೆ ಅದು ಹೇಗೆ ಗೊತ್ತಾಯಿತು ಅನ್ನುವುದನ್ನೂ ಬರೆಯಿರಿ.

ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. ಅದು ಕ್ರಿ.ಶ. 450ರದ್ದು ಅಂತ ಶಾಲೆಯಿಂದಲೇ ಕೇಳಿದ್ದೇವೆ, ಅಲ್ವಾ? ಆದರೆ ಕಲ್ಲಿನ ಮೇಲೆ ಯಾವ ವರ್ಷವೂ ಇಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಈ ಶಾಸನವನ್ನು ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿ ಪ್ರಕಟಿಸಿದರು. ಅಕ್ಷರಗಳ ರೂಪ, ಅದರಲ್ಲಿ ಬರುವ ಕದಂಬ ಕಾಕುಸ್ಥನ ಹೆಸರು, ಇವುಗಳ ಆಧಾರದ ಮೇಲೆ ಕಾಲ ಲೆಕ್ಕ ಹಾಕಿದ್ದು. ಸ್ವಲ್ಪ ಈಚಿನದು ಎನ್ನುವ ವಿದ್ವಾಂಸರೂ ಇದ್ದಾರೆ. ಹಾಗಾಗಿ 'ಸುಮಾರು 450' ಅಂತ ಬರೆಯಬೇಕು, ಯಾಕೆ 'ಸುಮಾರು' ಅಂತಲೂ ಒಂದು ಸಾಲಿನಲ್ಲಿ ಹೇಳಬೇಕು. ಹೀಗೆ ಬರೆದರೆ ಬರಹದ ತೂಕ ಕಡಿಮೆಯಾಗುತ್ತದೆ ಅಂತ ಕೆಲವರು ಹೆದರುತ್ತಾರೆ. ನನ್ನ ಪ್ರಕಾರ ಜಾಸ್ತಿಯೇ ಆಗುತ್ತದೆ. ಯಾವುದು ಗಟ್ಟಿ, ಯಾವುದು ಅಂದಾಜು ಅಂತ ಬಿಡಿಸಿ ಹೇಳಿದವರನ್ನು ಓದುಗರು ಮುಂದಿನ ಸಾಲಿಗೂ ನಂಬುತ್ತಾರೆ.

ಇನ್ನು ತಾಳಗುಂದ. ಇಲ್ಲಿ ಗೊಂದಲ ತುಂಬಾ. ಶಿಕಾರಿಪುರ ತಾಲ್ಲೂಕಿನ ಈ ಊರಿನ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಂಬವಿದೆ. ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಂದಿಗೆ ಜಗಳವಾದದ್ದು ಅದರಲ್ಲಿದೆ. ಬರೆದ ಕವಿ ಕುಬ್ಜ, ಭಾಷೆ ಸಂಸ್ಕೃತ. ಅದೇ ದೇವಸ್ಥಾನದ ಆವರಣದಲ್ಲಿ 2013ರ ಸುಮಾರಿಗೆ ಉತ್ಖನನ ಮಾಡಿದಾಗ ಸಿಂಹದ ಕೆತ್ತನೆಯ ಕಟಾಂಜನದ, ಅಂದರೆ ಮೆಟ್ಟಿಲ ಪಕ್ಕದ ತಡೆಗೋಡೆಯ ಮೇಲೆ ಬೇರೊಂದು ಶಾಸನ ಸಿಕ್ಕಿತು. ಹಲ್ಮಿಡಿಗಿಂತ ಹಳೆಯ ಕನ್ನಡ, 370ರದ್ದು ಎಂದು ಸುದ್ದಿಯಾದದ್ದು ಇದು. 'ತಾಳಗುಂದ ಶಾಸನ' ಅಂತ ಸುಮ್ನೆ ಬರೆದರೆ ಓದುವವರು ಯಾವುದು ಅಂತ ತಿಳಿಯಬೇಕು? ಕಂಬದ ಫೋಟೋ ಹಾಕಿ ಸಿಂಹದ ಶಾಸನದ ಕಥೆ ಹೇಳಿದರೆ, ಗೊತ್ತಿರುವ ಓದುಗರು ಅಲ್ಲಿಗೇ ಓದು ನಿಲ್ಲಿಸುತ್ತಾರೆ.

ಇದಕ್ಕೆ ಒಳ್ಳೆಯ ಪರಿಹಾರ ಶಾಸನದ ಸಂಖ್ಯೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ತಾಳಗುಂದದ ಕಂಬ 7ನೇ ಸಂಪುಟದ ಶಿಕಾರಿಪುರ 176. ಸಂಪುಟ, ತಾಲ್ಲೂಕು, ಸಂಖ್ಯೆ ಇಷ್ಟು ಕೊಟ್ಟರೆ ಸಾಕು, ಯಾರು ಬೇಕಾದರೂ ಮೂಲ ತೆಗೆದು ನೋಡಬಹುದು. ಆದರೆ ಈ ಸಂಪುಟಗಳು ಮುಂದೆ ಪರಿಷ್ಕೃತವಾಗಿ ಹೊರಬಂದವು, ಅವುಗಳಲ್ಲಿ ಸಂಖ್ಯೆಗಳು ಬದಲಾಗಿವೆ. ಯಾವ ಆವೃತ್ತಿ ನೋಡಿದಿರಿ ಅಂತ ಮರೆಯದೆ ಬರೆಯಿರಿ.

ಫೋಟೋ ವಿಷಯದಲ್ಲೂ ಇದೇ ಎಚ್ಚರ ಬೇಕು. ಹಲ್ಮಿಡಿಯಲ್ಲಿ ಈಗ ನಿಲ್ಲಿಸಿರುವುದು ಫೈಬರ್‌ಗ್ಲಾಸ್ ಪ್ರತಿಕೃತಿ. ಅದರ ಚಿತ್ರ ಹಾಕಿದರೆ ಕೆಳಗೆ 'ಪ್ರತಿಕೃತಿ' ಅಂತ ಬರೆಯಿರಿ.

ಊರಿನ ಹಿರಿಯರು ಹೇಳುವ ಕಥೆಗಳನ್ನು ಬಿಡಬೇಡಿ, ಅವು ನನಗೂ ಬಹಳ ಇಷ್ಟ. ಆದರೆ ಕಲ್ಲು ಹೇಳುವುದು ಬೇರೆ. ಹಲ್ಮಿಡಿಯ ಕಲ್ಲು ಹೇಳುವುದು ವಿಜ ಅರಸನಿಗೆ ಪಲ್ಮಿಡಿ (ಈಗಿನ ಹಲ್ಮಿಡಿ) ಮತ್ತು ಮೂಳಿವಳ್ಳಿಯನ್ನು ದತ್ತಿ ಕೊಟ್ಟ ವಿಷಯ. ಜನ ಹೇಳುವುದನ್ನು 'ಊರವರು ಹೀಗೆ ಹೇಳುತ್ತಾರೆ' ಅಂತ ಬೇರೆ ಪ್ಯಾರಾದಲ್ಲಿ ಕೊಡಿ.