ಬೆಕ್ಕಿನ ಬುಟ್ಟಿ ಅಟ್ಟದ ಮೇಲೆ ಬೇಡ

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬೆಕ್ಕು ಡಾಕ್ಟರ ಹತ್ತಿರ ಹೋಗುವುದು ಗೋಣಿಚೀಲದಲ್ಲಿ. ಒಲೆ ಪಕ್ಕ ಮಲಗಿದ್ದನ್ನು ಹಿಡಿದು, ಚೀಲಕ್ಕೆ ತುರುಕಿ, ಬಾಯಿ ಕಟ್ಟಿ ಬೈಕ್ ಹತ್ತಿಸುತ್ತಾರೆ. ಪಶು ಆಸ್ಪತ್ರೆಯ ಮೇಜಿನ ಮೇಲೆ ಚೀಲ ಬಿಚ್ಚಿದಾಗ ಅದು ಕಚ್ಚಿ ಪರಚದೆ ಇನ್ನೇನು ಮಾಡೀತು? ಅದು ಸಿಟ್ಟಲ್ಲ, ಜೀವಭಯ.

ಬೆಕ್ಕಿಗೆ ಧೈರ್ಯ ಕೊಡುವುದು ಪರಿಚಿತ ಜಾಗ. ಕಂಬಕ್ಕೆ, ಬಾಗಿಲ ಚೌಕಟ್ಟಿಗೆ, ನಮ್ಮ ಕಾಲಿಗೆ ಕೆನ್ನೆ ಉಜ್ಜುವಾಗ ಅದು ತನ್ನ ವಾಸನೆ ಹಚ್ಚುತ್ತಿರುತ್ತದೆ. ಆ ವಾಸನೆ ಇರುವಲ್ಲಿ ಅದು ನಿರಾಳ. ಆಸ್ಪತ್ರೆಯಲ್ಲಿ ಫಿನಾಯಿಲ್, ನಾಯಿ, ಬೇರೆ ಬೆಕ್ಕುಗಳ ಭಯದ ವಾಸನೆ. ಮೇಲಾಗಿ ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ಗೆ ನಿಂತರೆ ಬೆಕ್ಕಿನದು 60,000 ದಾಟುತ್ತದೆ. ಅಡಿಕೆ ಅಟ್ಟದಲ್ಲಿ ಇಲಿಮರಿಯ ಸದ್ದು ಹಿಡಿಯುವ ಆ ಕಿವಿಗೆ ನಾಯಿ ಬೊಗಳುವುದು, ಸ್ಟೀಲ್ ತಟ್ಟೆ ಬಡಿಯುವುದು ಹೇಗೆ ಕೇಳಬಹುದು, ಯೋಚಿಸಿ. ಹೆದರಿದಾಗ ರಕ್ತದ ಸಕ್ಕರೆ, ರಕ್ತದೊತ್ತಡ, ಎದೆಬಡಿತ ಎಲ್ಲವೂ ಏರುತ್ತವೆ. ಸಕ್ಕರೆ ಕಾಯಿಲೆ ಇಲ್ಲದ ಬೆಕ್ಕಿಗೂ ಇದೆಯೇನೋ ಎಂಬಂಥ ಫಲಿತಾಂಶ ಬರಬಹುದು.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಮನೆಯಲ್ಲಿ, ಎರಡು ಮೂರು ವಾರ ಮೊದಲೇ. ಬೆಕ್ಕನ್ನು ಒಯ್ಯಲು ಬಾಗಿಲಿರುವ, ಮೇಲಿನ ಅರ್ಧವನ್ನು ಬಿಚ್ಚಲು ಬರುವ ಗಟ್ಟಿ ಪ್ಲಾಸ್ಟಿಕ್ ಬುಟ್ಟಿ ಉತ್ತಮ. ಒಳಗೆ ಬೆಕ್ಕು ಎದ್ದು ನಿಂತು ತಿರುಗುವಷ್ಟು ಜಾಗವಿದ್ದರೆ ಸಾಕು. ವರ್ಷವಿಡೀ ಅಟ್ಟದಲ್ಲಿಟ್ಟು ಆಸ್ಪತ್ರೆಗೆ ಹೋಗುವ ದಿನ ಮಾತ್ರ ಇಳಿಸುವುದೇ ದೊಡ್ಡ ತಪ್ಪು. ಬುಟ್ಟಿಯ ಸದ್ದಿಗೇ ಬೆಕ್ಕು ಮಾಡು ಹತ್ತಿಬಿಡುತ್ತದೆ. ಅದು ಮಲಗುವ ಕಡೆಯೇ ಬಾಗಿಲು ತೆಗೆದಿಟ್ಟು, ಅದೇ ಮಲಗಿದ ಹಳೇ ಬಟ್ಟೆ ಹಾಸಿ. ಮೀನಿನ ಚೂರು ಮೊದಲು ಬಾಗಿಲ ಬಳಿ, ಕೆಲವು ದಿನ ಕಳೆದು ಒಳಗೆ. ತಾನಾಗಿ ಹೋಗಿ ಮಲಗತೊಡಗಿದ ಮೇಲೆ ಒಂದು ನಿಮಿಷ ಬಾಗಿಲು ಮುಚ್ಚಿ, ಆಮೇಲೆ ಐದು ನಿಮಿಷ. ನಂತರ ಎತ್ತಿಕೊಂಡು ಅಂಗಳ ಸುತ್ತಿ. ಕೊನೆಗೆ ನಿಂತ ಕಾರಿನಲ್ಲಿಟ್ಟು ಎಂಜಿನ್ ಚಾಲೂ ಮಾಡಿ. ಎಲ್ಲಾದರೂ ಹೆದರಿತೆಂದರೆ ಒಂದು ಹಂತ ಹಿಂದೆ ಬನ್ನಿ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ಮಂಡಗದ್ದೆ ಕಡೆಯ ತಿರುವುಗಳಲ್ಲಿ ಬೆಕ್ಕು ವಾಂತಿ ಮಾಡುವುದುಂಟು. ಹೊರಡುವ ಮುಂಚಿನ ನಾಲ್ಕು ತಾಸು ಹೊಟ್ಟೆ ತುಂಬ ಊಟ ಬೇಡ, ನೀರಿರಲಿ. ಎಳೇ ಮರಿಗಳನ್ನು ಮಾತ್ರ ಉಪವಾಸ ಕೆಡವಬೇಡಿ. ಬುಟ್ಟಿಯನ್ನು ಕಾರಿನ ಮುಂದಿನ ಸೀಟಿನ ಹಿಂದೆ ನೆಲದ ಮೇಲಿಟ್ಟರೆ ಅಲುಗುವುದಿಲ್ಲ. ಮಳೆಗೆ ಪ್ಲಾಸ್ಟಿಕ್ ಹೊದಿಸಿದರೆ ಒಂದು ಬದಿ ಗಾಳಿಗೆ ತೆರೆದಿರಲಿ. ತೀರಾ ಹೆದರುವ ಬೆಕ್ಕಿಗೆ ಪಶುವೈದ್ಯರು ಭಯ ತಗ್ಗಿಸುವ ಗ್ಯಾಬಪೆಂಟಿನ್ ಎಂಬ ಔಷಧಿ ಬರೆದುಕೊಡುತ್ತಾರೆ, ಹೊರಡುವ ಎರಡು ಮೂರು ತಾಸು ಮೊದಲು ಕೊಡಲು. ಪ್ರಮಾಣ ಅವರೇ ಹೇಳಬೇಕು. ನಮ್ಮ ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು.

ಆಸ್ಪತ್ರೆಯಲ್ಲಿ ಬುಟ್ಟಿಯನ್ನು ನೆಲಕ್ಕಿಡಬೇಡಿ, ನಾಯಿಯ ಮೂತಿ ಅದೇ ಎತ್ತರಕ್ಕೆ ಬರುತ್ತದೆ. ತೊಡೆಯ ಮೇಲೋ ಕುರ್ಚಿಯ ಮೇಲೋ ಇಟ್ಟು ಟವೆಲ್ ಹೊದಿಸಿ. ಪರೀಕ್ಷೆಗೆ ಎಳೆದು ತೆಗೆಯುವ ಬದಲು ಮೇಲ್ಭಾಗ ಬಿಚ್ಚಿ, ಕೆಳಗಿನ ಅರ್ಧದಲ್ಲೇ ಕೂತಿರಲು ಬಿಡಿ. ಕುತ್ತಿಗೆಯ ಚರ್ಮ ಹಿಡಿದೆತ್ತುವುದು ತಾಯಿಗೂ ಮರಿಗೂ ಸರಿ. ದೊಡ್ಡ ಬೆಕ್ಕು ಹಾಗೆ ಹಿಡಿದಾಗ ಸುಮ್ಮನಾದರೆ ಭಯಕ್ಕೆ ಮರಗಟ್ಟಿದೆ ಎಂದೇ ತಿಳಿಯಬೇಕು. ಕಿವಿ ಅಡ್ಡಕ್ಕೆ ಮಲಗಿ, ಪಾಪೆ ಕಪ್ಪಗೆ ಅಗಲವಾಗಿ, ಬೆನ್ನಿನ ಚರ್ಮ ಅಲೆಯಂತೆ ನಡುಗಿದರೆ ಡಾಕ್ಟರಿಗೆ ಹೇಳಿ ಒಂದೆರಡು ನಿಮಿಷ ಕೈ ತೆಗೆಯಿರಿ. ಗುರುಗುಟ್ಟುತ್ತಿದೆ, ಹಾಗಾಗಿ ನಿರಾಳವಾಗಿದೆ ಎಂದು ನಂಬಬೇಡಿ, ನೋವಿನಲ್ಲೂ ಅದು ಗುರುಗುಟ್ಟುತ್ತದೆ.

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ, ಆಸ್ಪತ್ರೆಯ ವಾಸನೆ ಹೊತ್ತು ಬಂದಿದ್ದನ್ನು ಅಪರಿಚಿತನೆಂದು ಬುಸುಗುಟ್ಟೀತು. ಒಂದು ರಾತ್ರಿ ಬೇರೆ ಕೋಣೆಯಲ್ಲಿಡಿ, ಒಂದೇ ಬಟ್ಟೆಯಿಂದ ಎರಡನ್ನೂ ಒರೆಸಿ.

ಗಂಡುಬೆಕ್ಕು ಪದೇ ಪದೇ ಕುಕ್ಕರಿಸಿಯೂ ಉಚ್ಚೆ ಬರದಿದ್ದರೆ ಈ ಅಭ್ಯಾಸಕ್ಕೆಲ್ಲ ಸಮಯವಿಲ್ಲ. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಬುಟ್ಟಿಯನ್ನು ಬಾಗಿಲು ಮೇಲಾಗುವಂತೆ ನಿಲ್ಲಿಸಿ, ಬೆಕ್ಕನ್ನು ದಪ್ಪ ಟವೆಲಿನಲ್ಲಿ ಸುತ್ತಿ, ಹಿಂಗಾಲು ಮೊದಲಾಗಿ ಇಳಿಸಿ, ತಕ್ಷಣ ಹೊರಡಿ.